ಗುಡ್ಡಣ್ಣನ ಗೊರಕೆ

"ಹುಟ್ಟಿದಾಗಿನಿಂದ ನಾನು ಒಂದೇ ಒಂದು ಸಲ ಗೊರಕೆ ಹೊಡೆದವಳಲ್ಲ" ಎಂದು ಒಲೆಯಮ್ಮ ಹೇಳಿದಾಗ ಬೇಕರಿಯ ಸಾಲಿನಲ್ಲಿ ನಿಂತವರೆಲ್ಲ ತಲೆಯಾಡಿಸಲೇಬೇಕಿತ್ತು. ಆಡಿಸದವರಿಗೆ ತಳ ಸೀದ ಬ್ರೆಡ್ಡೇ ಗತಿ. ಗಂಡನ ಗೊರಕೆಯಿಂದ ನಿದ್ದೆಗೆಟ್ಟ ಹೆಂಗಸರು ಬಂದು ಗೋಳು ಹೇಳಿಕೊಂಡರೆ ಆಕೆ ಸೊಂಟಕ್ಕೆ ಕೈಕೊಟ್ಟು, "ಅದೆಲ್ಲ ಶಿಸ್ತಿನ ವಿಷಯ ಕಣ್ರೀ. ಬಾಯಿ ಮುಚ್ಚಿ ಮಲಗೋದು ಕಲೀಬೇಕು. ಬೇಕಾದ್ರೆ ನಮ್ಮೆಜಮಾನ್ರನ್ನೇ ಕೇಳಿ" ಎನ್ನುತ್ತಿದ್ದಳು. ಯಜಮಾನರು ಅಲ್ಲೇ ಎಲ್ಲಾದರೂ ಬನ್ನು ತಿನ್ನುತ್ತಾ ನಿಂತಿರುತ್ತಿದ್ದರು. "ಛೆ ಛೆ, ಸೊಳ್ಳೆ ಉಸಿರಾಡಿದ ಹಾಗೆ ಮಲಗ್ತಾಳೆ" ಎಂದು ಸಾಕ್ಷಿ ನುಡಿದು, ಬನ್ನಿನ ಉಳಿದ ಅರ್ಧವನ್ನು ಬಾಯಿಗೆ ತುರುಕಿಕೊಂಡು ಮಹಡಿ ಹತ್ತಿಬಿಡುತ್ತಿದ್ದರು.

ಒಲೆಯಮ್ಮ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಯ ಕೆಳಗೇ ಬೇಕರಿ. ಅದರ ಹಿಂಭಾಗದಲ್ಲಿ ಗವಿಯಂಥ ಬಾಯಿಯ ಇಟ್ಟಿಗೆ ಒಲೆ. ಉದ್ದ ಹಿಡಿಯ ಮರದ ಸಲಿಕೆ ಹಿಡಿದು ಆಕೆ ಅದರೆದುರು ನಿಂತರೆ ಬೆಂಕಿಯೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಬೇರೆ ಬೇಕರಿಗಳಲ್ಲಿ ಹಿಟ್ಟು ಉಬ್ಬಲು ಈಸ್ಟ್ ಬೇಕು. ಇಲ್ಲಿ ಹಿಟ್ಟು ಆಕೆಯ ಹೆದರಿಕೆಗೇ ಉಬ್ಬುತ್ತದೆ ಎಂದು ಬೀದಿಯಲ್ಲಿ ಮಾತಿತ್ತು. ನಾದಿ ಮುಗಿಸಿದ ಪ್ರತಿ ಮುದ್ದೆಗೂ ಅಂಗೈಯಿಂದ ಎರಡು ಏಟು ಹಾಕಿ, ಹೊರಳಿಸಿ, ಕೊನೆಗೊಂದು ಜೋರಾಗಿ ಬಾರಿಸುವುದು ಆಕೆಯ ಅಭ್ಯಾಸ. ಪಟ್, ಪಟ್, ಪಟಾರ್! ಆ ಕೊನೆಯ ಏಟಿಗೆ ಎದುರು ಸಾಲಿನ ಕ್ಷೌರಿಕ ಕತ್ತಿಯನ್ನು ಗಿರಾಕಿಯ ಗಲ್ಲದಿಂದ ದೂರ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದ.

ಯಜಮಾನರದು ಸದ್ದಿನ ಕಸುಬು. ರೇಡಿಯೋ ನಾಟಕಕ್ಕೆ, ಜಾಹೀರಾತಿಗೆ, ಸಿನಿಮಾಕ್ಕೆ ಬೇಕಾದ ಸದ್ದುಗಳನ್ನು ಮಾಡಿಕೊಡುವುದು. ಮಹಡಿಯ ಕೋಣೆಯ ಗೋಡೆಗೆಲ್ಲ ಬೇಕರಿಯ ಖಾಲಿ ಮೊಟ್ಟೆ ಟ್ರೇಗಳನ್ನು ಅಂಟಿಸಿಕೊಂಡು, ತಗಡು ಅಲುಗಿಸಿ ಗುಡುಗು ತರುತ್ತಿದ್ದರು, ಒದ್ದೆ ಟವೆಲ್ಲು ಕೊಡವಿ ಹದ್ದು ಹಾರಿಸುತ್ತಿದ್ದರು. ಒಣಗಿದ ಬನ್ನು ಮುರಿದು ಎಷ್ಟು ಖಳನಾಯಕರ ಮೂಳೆ ಮುರಿದರೋ ಲೆಕ್ಕವಿಲ್ಲ. ಬನ್ನು ಮಾತ್ರ ಹೆಂಡತಿಯದು.

ಮನೆಯಲ್ಲಿ ಮೂರನೆಯವಳು ನಾದಿನಿ, ಯಜಮಾನರ ತಂಗಿ. ಕೌಂಟರಿನಲ್ಲಿ ಕೂರುವವಳು ಅವಳೇ. ಬ್ರೆಡ್ ಕೊಯ್ಯುವ ಚಾಕುವಿಗಿಂತ ಅವಳ ನಾಲಿಗೆಗೆ ಹಲ್ಲು ಜಾಸ್ತಿ.

ಒಂದು ದಿನ ಮಧ್ಯಾಹ್ನ, ಅಂಗಡಿಯ ಮುಂದಿನ ಸಾಲಿನಲ್ಲಿ ನಿಂತಿದ್ದ ಮೂರ್ನಾಲ್ಕು ಕಾಲೇಜು ಹುಡುಗಿಯರು ಒಂದು ಫೋನಿಗೆ ಮುತ್ತಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಫೋನಿನೊಳಗಿಂದ ಬರುತ್ತಿದ್ದ ಸದ್ದನ್ನು ಹೇಗೆ ಹೇಳುವುದು! ಕಲ್ಲು ತುಂಬಿದ ಲಾರಿಯೊಂದು ಏರು ಹತ್ತಲಾರದೆ ಅಳುತ್ತಾ ಹಿಂದಕ್ಕೆ ಜಾರಿದಂತೆ, ಜಾರಿ ಬಾವಿಗೆ ಬಿದ್ದಂತೆ, ಬಿದ್ದ ಮೇಲೂ ಎಂಜಿನ್ನು ನಿಲ್ಲದಂತೆ.

"ಏನ್ರೇ ಅದು? ಯಾವ ಪ್ರಾಣಿಗೆ ಏನಾಯ್ತು?" ಎಂದು ಒಲೆಯಮ್ಮನೂ ನಗುತ್ತಾ ಬಂದಳು.

"ಗಗನಬಿಡಾರ ಮತ್ತೆ ಬರ್ತಾ ಇದೆ ಆಂಟಿ! ಹಳೇ ಕಂಪ್ಯೂಟರ್ ಆಟ, ಈಗ ಹೊಸದಾಗಿ ಮಾಡ್ತಿದ್ದಾರೆ. ನಮ್ಮ ಮಾಮ ಚಿಕ್ಕೋರಿದ್ದಾಗ ಊಟ ಬಿಟ್ಟು ಆಡ್ತಿದ್ರಂತೆ."

ಹುಡುಗಿಯರು ವಿವರಿಸಿದರು. ಆಕಾಶದಲ್ಲಿ ತೇಲುವ ದೊಡ್ಡ ಚಕ್ರದಂಥ ನಿಲ್ದಾಣ. ಆಡುವವನೇ ಅದರ ಮ್ಯಾನೇಜರು. ಒಂದೊಂದು ನಕ್ಷತ್ರದಿಂದ ಒಂದೊಂದು ಜಾತಿಯ ಅತಿಥಿಗಳು ಬಂದಿಳಿಯುತ್ತಾರೆ. ಅವರಿಗೆಲ್ಲ ಕೋಣೆ, ಊಟ, ಸ್ನಾನ, ಔಷಧಿ ನೋಡಿಕೊಳ್ಳಬೇಕು. ಹದಿನಾರು ಕಾಲಿನವರು ಚಪ್ಪಲಿ ಇಡಲು ಜಾಗ ಸಾಲದೆಂದು ಜಗಳಕ್ಕೆ ಬರುತ್ತಾರೆ, ಕಣ್ಣೇ ಇಲ್ಲದವರು ದೀಪ ಮಂಕಾಗಿದೆ ಎಂದು ದೂರು ಕೊಡುತ್ತಾರೆ, ಕಸ ಗುಡಿಸುವ ಯಂತ್ರಗಳು ಮುನಿಸಿಕೊಂಡು ಮೂಲೆ ಸೇರುತ್ತವೆ. ಇವರೆಲ್ಲರ ನಡುವೆ ಗುಡ್ಡಣ್ಣ. ಬೂದು ಬಣ್ಣದ, ಮನೆಯಷ್ಟು ದಪ್ಪದ, ಬಹಳ ಸಾಧು ಅತಿಥಿ. ಅವನು ಮಲಗಿದ ಎಂದರೆ ಮ್ಯಾನೇಜರನ ಕಥೆ ಮುಗಿಯಿತು. ಗೊರಕೆಗೆ ಅಕ್ಕಪಕ್ಕದ ಕೋಣೆಯವರೆಲ್ಲ ದಿಂಬು ಹಿಡಿದು ಹೊರಗೆ ಬಂದು ಕಿತ್ತಾಡುತ್ತಾರೆ.

"ನೋಡಿ ಆಂಟಿ, ಎಷ್ಟು ಮುದ್ದಾಗಿದ್ದಾನೆ!"

ಒಲೆಯಮ್ಮ ಬಗ್ಗಿ ನೋಡಿದಳು. ಗುಡ್ಡಣ್ಣ ಗೊರಕೆ ಹೊಡೆಯುತ್ತಾ ಕೈಯಂಥದ್ದೊಂದನ್ನು ಎತ್ತಿ ಮಂಚಕ್ಕೆ ಬಡಿದ. ಪಟ್, ಪಟ್. ಮಗ್ಗುಲಾದ. ಪಟಾರ್!

ಎದುರು ಅಂಗಡಿಯ ಕ್ಷೌರಿಕ ಅಭ್ಯಾಸಬಲದಿಂದ ಕತ್ತಿಯನ್ನು ದೂರ ಹಿಡಿದ.

ಕೌಂಟರಿನಲ್ಲಿ ನಾದಿನಿ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದಳು. "ಅತ್ತಿಗೇ," ಎಂದಳು ಮೆಲ್ಲಗೆ, "ಇದು ನಮ್ಮನೆ ಸದ್ದು."

"ಏನಂದೆ?"

"ಪಕ್ಕದ ಕೋಣೇಲಿ ಇಷ್ಟು ವರ್ಷ ಮಲಗಿದೀನಿ, ನಂಗೆ ಗೊತ್ತಾಗಲ್ವಾ? ನಿದ್ದೇಲೂ ಹಿಟ್ಟು ಬಡೀತೀರಿ ನೀವು. ನೀವು ಮಧ್ಯಾಹ್ನ ಮಲಗಿದ್ರೆ ಗೋಡೆ ಮೇಲಿನ ಕ್ಯಾಲೆಂಡರು ಮಾರ್ಚಿಂದ ಜೂನಿಗೆ ಹೋಗಿರುತ್ತೆ. ಇರುವೆಗಳು ಸಕ್ಕರೆ ಬಿಟ್ಟು ಗೂಡಿಗೆ ವಾಪಸ್ ಹೋಗ್ತವೆ."

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ಮ ಕೈಯಲ್ಲಿ ಯಾವಾಗ್ಲೂ ಸಲಿಕೆ ಇರುತ್ತಲ್ಲ ಅತ್ತಿಗೆ."

ಒಲೆಯಮ್ಮನ ಮುಖ ಒಲೆಗಿಂತ ಕೆಂಪಾಯಿತು. ಸಲಿಕೆಯನ್ನೂ ಕೆಳಗಿಡದೆ ಮಹಡಿ ಹತ್ತಿದಳು. ಯಜಮಾನರು ತಟ್ಟೆಯ ನೀರಿನಲ್ಲಿ ಬೆರಳಾಡಿಸುತ್ತಾ ಯಾವುದೋ ನಾಯಕಿಯನ್ನು ಹೊಳೆ ದಾಟಿಸುತ್ತಿದ್ದರು. ಬಾಗಿಲು ತೆರೆದ ರಭಸಕ್ಕೆ ನಾಯಕಿ ಮುಳುಗಿದಳು.

"ರೀ, ಗುಡ್ಡಣ್ಣ ಯಾರು?"

ಸುಳ್ಳು ಹೇಳಲು ಯಜಮಾನರು ಬಾಯಿ ತೆರೆದರು. ಸಲಿಕೆ ನೋಡಿ ಮುಚ್ಚಿದರು. ಮತ್ತೆ ತೆರೆದಾಗ ನಿಜವೇ ಬಂತು. ಇಪ್ಪತ್ತು ವರ್ಷದ ಹಿಂದಿನ ಮಾತು. ಆಟದ ಕಂಪನಿಯವರು ಎಲ್ಲ ಅತಿಥಿಗಳ ಸದ್ದನ್ನೂ ಇವರಿಗೇ ವಹಿಸಿದ್ದರು. ಸೀನು, ತೇಗು, ಆಕಳಿಕೆ ಎಲ್ಲ ಆಯಿತು. ಗುಡ್ಡಣ್ಣನ ಗೊರಕೆ ಮಾತ್ರ ಆಗಲಿಲ್ಲ. ಮೇಜು ಎಳೆದು ನೋಡಿದರು, ನೀರಿನ ಪಂಪಿಗೆ ಮೈಕು ಹಿಡಿದರು, ದನದ ಡಾಕ್ಟರ ಹಿಂದೆ ಅಲೆದರು. ಸೋತು ಮನೆಗೆ ಬಂದರೆ ನಡುಮನೆಯಲ್ಲಿ ಅದೇ ಸದ್ದು ಮಂಚದ ಮೇಲೆ ಮಲಗಿತ್ತು.

"ಮೈಕು ಕೈಯಲ್ಲೇ ಇತ್ತು ಕಣೇ. ಸುಮ್ನೆ ಒಂದ್ಸಲ ಪರೀಕ್ಷೆ ಮಾಡೋಣ ಅಂತ…"

"ನನ್ನ ಎಬ್ಬಿಸಿ ಕೇಳೋಕಾಗ್ಲಿಲ್ವಾ?"

"ಎಬ್ಬಿಸಿದ್ರೆ ಗೊರಕೆ ನಿಂತುಹೋಗುತ್ತಲ್ಲೇ."

"ಆಮೇಲೆ? ಎದ್ದ ಮೇಲೆ? ಮಾರನೇ ದಿನ? ಇಪ್ಪತ್ತು ವರ್ಷದಲ್ಲಿ ನಾನು ಎದ್ದೇ ಇರ್ಲಿಲ್ವಾ? ಬೀದಿಯವರ ಮುಂದೆಲ್ಲ ನಾನು ಗೊರಕೆ ಹೊಡೆಯೋಳಲ್ಲ ಅಂತ ಡಂಗುರ ಹೊಡೀತಿದ್ರೆ, ಪಕ್ಕದಲ್ಲಿ ಬನ್ನು ತಿಂತಾ ಹೌದು ಹೌದು ಅಂತಿದ್ರಲ್ರೀ! ಲೋಕದ ಮಕ್ಕಳೆಲ್ಲ ನನ್ನ ಗೊರಕೆ ಕೇಳಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿವೆ. ನನಗೊಬ್ಬಳಿಗೇ ಗೊತ್ತಿಲ್ಲ!"

"ಆದ್ರೂ ಎಷ್ಟು ಹೆಸರು ಬಂತು ನೋಡು ಅದಕ್ಕೆ…"

"ಯಾರಿಗೆ ಬಂತು?"

ಯಜಮಾನರು ಮುಳುಗಿದ ನಾಯಕಿಯನ್ನು ಹುಡುಕುವವರಂತೆ ತಟ್ಟೆಯ ನೀರಿನಲ್ಲಿ ಬೆರಳಾಡಿಸಿದರು.

ಒಲೆಯಮ್ಮನಿಗೆ ಆ ವರ್ಷ ಚೆನ್ನಾಗಿ ನೆನಪಿತ್ತು. ಅತ್ತೆ ಹಾಸಿಗೆ ಹಿಡಿದಿದ್ದರು. ಕೆಲಸದಾಳುಗಳಿಬ್ಬರೂ ಬಿಟ್ಟುಹೋಗಿದ್ದರು. ಬೆಳಗಿನ ಬ್ರೆಡ್ಡೂ ಆಕೆಯದೇ, ಸಂಜೆಯ ಬನ್ನೂ ಆಕೆಯದೇ, ನಡುವೆ ಅತ್ತೆಯ ಗಂಜಿ, ಅತ್ತೆಯ ಬಟ್ಟೆ. ಮಧ್ಯಾಹ್ನ ಮಂಚಕ್ಕೆ ಬೆನ್ನು ತಾಗುವ ಮೊದಲೇ ಕಣ್ಣು ಮುಚ್ಚುತ್ತಿತ್ತು. ಕೈ ಮಾತ್ರ ಇನ್ನೂ ಹಿಟ್ಟಿನಲ್ಲೇ ಇರುತ್ತಿತ್ತು. ಆಗ ಮಹಡಿಯ ಮೇಲೆ ತಗಡು ಅಲುಗಾಡುತ್ತಿದ್ದದ್ದೂ ಆಕೆಗೆ ನೆನಪಿತ್ತು.

"ಅದು ಗೊರಕೆ ಅಲ್ಲ ಕಣ್ರೀ, ಸುಸ್ತು," ಎಂದಳು. ಧ್ವನಿ ಒಮ್ಮೆಲೇ ಇಳಿದಿತ್ತು. ಯಜಮಾನರಿಗೆ ಕೂಗಾಟಕ್ಕಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಹೆಣದ ಹಾಗೆ ಬಿದ್ದಿದ್ದೆ. ಬಂದು ಒಂದು ಹೊದಿಕೆ ಹೊದಿಸಬಹುದಾಗಿತ್ತು. ನೀವು ಮೈಕು ಹಿಡಿದ್ರಿ." ಸಲಿಕೆಯನ್ನು ಅವರ ತೊಡೆಯ ಮೇಲಿಟ್ಟಳು. "ತಗೊಳ್ಳಿ. ಇವತ್ತಿಂದ ಒಲೆ ಮುಂದೆ ನೀವು ನಿಲ್ಲಿ. ನಾನು ಮಲಗ್ತೀನಿ."

ಕೋಪ ಸಂಜೆಗೆ ಇಳಿಯುತ್ತದೆ ಎಂದು ಯಜಮಾನರು ಅಂದುಕೊಂಡರು. ಇಳಿಯಲಿಲ್ಲ. ವಾರದಲ್ಲಿ ಇನ್ನೂ ಬಲಿಯಿತು. ಯಜಮಾನರ ಕೈಯ ಬ್ರೆಡ್ಡನ್ನು ಕೊಂಡ ಒಬ್ಬ ಗಾರೆಯವನು ಅದನ್ನು ಇಟ್ಟಿಗೆಗಳ ಜೊತೆ ಸೇರಿಸಿ ಗೋಡೆಗೆ ಕಟ್ಟಿದನಂತೆ. ಗೋಡೆಗೆ ಏನೂ ಆಗಿಲ್ಲವಂತೆ. ಹುಬ್ಬು ಸುಟ್ಟುಕೊಂಡ ಯಜಮಾನರ ಮುಖ ನೋಡಿದವರಿಗೆ ಅವರು ಸದಾ ಬೆರಗಾದಂತೆ ಕಾಣುತ್ತಿದ್ದರು. ಒಲೆಯಮ್ಮ ಮಂಚದ ಮೇಲೆ ಕಾಲು ಚಾಚಿ, ಕಿಟಕಿಯಿಂದ ಬರುವ ಸೀದ ವಾಸನೆಗೆ ಮೂಗು ಮುರಿಯುತ್ತಾ ಮಲಗಿದ್ದಳು. ಕೈ ತುರಿಸುತ್ತಿತ್ತು. ಆದರೂ ಏಳಲಿಲ್ಲ.

ಈ ನಡುವೆ ನಾದಿನಿ ಸುಮ್ಮನಿರುವವಳೇ? "ನಿಮ್ಮ ಗುಡ್ಡಣ್ಣ ನಮ್ಮತ್ತಿಗೆ. ಅವರನ್ನ ಯಾರೂ ಒಂದು ಮಾತು ಕೇಳಿಲ್ಲ" ಎಂದು ಆಟದ ಕಂಪನಿಗೆ ಫೋನು ಮಾಡಿ ಉಗಿದಿದ್ದಳು. ಕಂಪನಿಯ ಮೇಡಂ ಒಬ್ಬರು ಗಾಬರಿಯಿಂದ ಓಡಿಬಂದರು.

"ದಯವಿಟ್ಟು ತಪ್ಪು ತಿಳೀಬೇಡಿ ಅಮ್ಮಾ. ನಮಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಸರ್ ಅದನ್ನ ಮೋಟಾರಿಂದ ಮಾಡಿದ್ದು ಅಂದಿದ್ರು."

"ಮೋಟಾರಾ?"

"ಹ್ಞೂಂ. ಹೊಸ ಆಟದಲ್ಲಿ ಗುಡ್ಡಣ್ಣ ಇನ್ನೂ ಜಾಸ್ತಿ ಮಲಗ್ತಾನೆ. ಅದಕ್ಕೆ ಮೊನ್ನೆ ಆ ಮೋಟಾರನ್ನೇ ಕೇಳಿದ್ವಿ. ಅದು ಹಳೇದು, ಕೆಟ್ಟುಹೋಗಿದೆ ಅಂದ್ರು."

ಒಳಗೆ ಒಲೆಯ ಬಳಿ ಟ್ರೇಯೊಂದು ದಡಾರೆಂದು ಬಿತ್ತು. ಕೈಜಾರಿ ಬಿದ್ದದ್ದೋ, ಮಾತು ಕೇಳಿ ಬಿದ್ದದ್ದೋ ಹೇಳುವುದು ಕಷ್ಟ.

"ಕೇಳಿಸ್ತಾ, ಹಳೇ ಮೋಟಾರಂತೆ ನಾನು! ಕೆಟ್ಟು ಬೇರೆ ಹೋಗಿದೀನಂತೆ!" ಎಂದು ಒಲೆಯಮ್ಮ ಬೀದಿಗೆಲ್ಲ ಕೇಳುವಂತೆ ಗುಡುಗಿದಳು. ಆ ಗುಡುಗನ್ನು ಯಾವ ತಗಡಿನಿಂದಲೂ ತೆಗೆಯಲಾಗುತ್ತಿರಲಿಲ್ಲ.

ಮೇಡಂ ಬಂದ ಕೆಲಸ ಹೇಳಿದರು. ಹಳೆಯ ಗೊರಕೆ ಬಳಸಲು ಅಮ್ಮನ ಒಪ್ಪಿಗೆ ಬೇಕು. ಸಾಧ್ಯವಾದರೆ ಕಂಪನಿಯ ಸ್ಟುಡಿಯೋದಲ್ಲಿ ಮಲಗಿ ಹೊಸದನ್ನೂ ಕೊಡಬೇಕು. ಅಮ್ಮ ಬೇಡವೆಂದರೆ ಮುಟ್ಟುವುದಿಲ್ಲ. ಒಲೆಯಮ್ಮ ಬೇಡವೆಂದಳು. ಮೇಡಂ ಹೋಗಿ ಒಬ್ಬ ಮಿಮಿಕ್ರಿಯವನ ಕೈಯಲ್ಲಿ ಗೊರಕೆ ಹೊಡೆಸಿದರು. ಹಳೆಯ ಆಟಗಾರರು ಕೇಳಿ, "ಇವನು ಮಲಗಿಲ್ಲ, ನಾಟಕ ಆಡ್ತಿದಾನೆ" ಎಂದು ಮುಖಕ್ಕೆ ಹೊಡೆದಂತೆ ಹೇಳಿದರು. ಮೇಡಂ ಮತ್ತೆ ಬಂದು ಕೇಳಿದರು. ಒಲೆಯಮ್ಮ ಮತ್ತೆ ಬೇಡವೆಂದಳು.

ಆಗ ಯಜಮಾನರಿಗೆ ಒಂದು ಯೋಚನೆ ಹೊಳೆಯಿತು. "ನನ್ನದು ತಗೊಳ್ಳಿ ಮೇಡಂ. ಈಗ ನಾನೂ ಅಷ್ಟೇ ಸುಸ್ತಾಗಿದೀನಿ. ಗೊರಕೆ ಬಂದೇ ಬರುತ್ತೆ. ಅಲ್ಲಿಗೆ ಇವಳ ಜಗಳವೂ ಮುಗಿಯುತ್ತೆ." ಹೇಳುತ್ತಾ ಹೇಳುತ್ತಾ ಮೈದಾ ಮೂಟೆಗಳ ಮೇಲೆ ಒರಗಿದರು, ಒರಗುತ್ತಲೇ ನಿದ್ದೆ ಹೋದರು. ಮೇಡಂ ಚೀಲದಿಂದ ಮೈಕು ತೆಗೆದರು. ನಾದಿನಿ ಗಿರಾಕಿಗಳನ್ನು ಸುಮ್ಮನಿರಿಸಿದಳು. ಇಡೀ ಬೀದಿ ಉಸಿರು ಬಿಗಿಹಿಡಿದು ಕಾಯಿತು.

ಬಂದದ್ದು ಒಂದು ಸೀಟಿ. ಸಣ್ಣ, ಬಡಕಲು ಸೀಟಿ. ಎಣ್ಣೆ ಕಾಣದ ಬಾಗಿಲನ್ನು ಗಾಳಿ ತಳ್ಳಿದಂತೆ.

"ಅಣ್ಣಂದು ಇಷ್ಟೇ ನೋಡಿ" ಎಂದಳು ನಾದಿನಿ.

ಯಜಮಾನರು ಕಣ್ಣುಜ್ಜಿಕೊಂಡು ಎದ್ದು ಆಸೆಯಿಂದ, "ಹೇಗೆ ಬಂತು?" ಎಂದರು.

ಮೇಡಂ ಒಳ್ಳೆಯ ಮನಸ್ಸಿನವರು. "ಚೆನ್ನಾಗಿದೆ ಸರ್… ನಿಲ್ದಾಣದಲ್ಲಿ ಶೌಚಾಲಯದ ಬಾಗಿಲಿಗೊಂದು ಸದ್ದು ಬೇಕಾಗಿತ್ತು. ಅದಕ್ಕೆ ಹಾಕ್ತೀವಿ" ಎಂದು, ಒಲೆಯಮ್ಮನ ಕಡೆ ತಿರುಗಿದರು. "ಅಮ್ಮಾ, ಇದು ಮೂರನೇ ಸಲ. ಗುಡ್ಡಣ್ಣ ಇಲ್ಲದೆ ಆಟ ಹೊರಗೆ ಬರಲ್ಲ. ನಿಮ್ಮ ಹೆಸರು ಎಲ್ಲರಿಗಿಂತ ಮೊದಲು ಹಾಕ್ತೀವಿ. ನೀವು ಮನಸ್ಸು ಮಾಡಬೇಕು."

ಒಲೆಯಮ್ಮ ಮೇಡಂ ಮುಖ ನೋಡಿದಳು. ಆಕೆಯ ಕೋಪ ಈ ಹೆಂಗಸಿನ ಮೇಲೆ ನಿಲ್ಲುತ್ತಿರಲಿಲ್ಲ. ಬಂದಿದ್ದಾಳೆ, ಎದುರು ನಿಂತಿದ್ದಾಳೆ, ಬಾಯಿ ಬಿಟ್ಟು ಕೇಳುತ್ತಿದ್ದಾಳೆ. ಒಲೆಯಮ್ಮ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೈದಾ ಮೂಟೆಯ ಮೇಲಿಂದ ಮಾತು ಬಂತು.

"ಅವರು ಅಷ್ಟು ಕೇಳ್ಕೋತಿದಾರೆ, ಒಂದು ಹ್ಞೂಂ ಅಂದ್ಬಿಡೇ ಮಾರಾಯ್ತಿ! ನಿನ್ನ ಗಂಟೇನು ಹೋಗುತ್ತೆ? ನನ್ನ ಹುಬ್ಬು ಹೋಯ್ತು, ನಡು ಹೋಯ್ತು. ಇನ್ನೂ ಎಷ್ಟು ದಿನ ಅಂತ ಈ ಒಲೆ?"

ಸಾಲಿನಲ್ಲಿದ್ದವರೆಲ್ಲ ಒಲೆಯಮ್ಮನ ಕಡೆ ತಿರುಗಿದರು. ಆಕೆ ಸೆರಗು ಬಿಗಿದುಕೊಂಡು, ಒಳಕೋಣೆಯ ಹೊಸ್ತಿಲಿನಲ್ಲಿ ನಿಂತು, ಗಂಡನನ್ನು ಸುಟ್ಟ ಹುಬ್ಬಿನಿಂದ ಮೈದಾ ಮೆತ್ತಿದ ಕಾಲಿನವರೆಗೆ ನೋಡಿದಳು.

"ಊರು ದಾಟಿ ಬಂದು ಮೂರು ಸಲ ಕೇಳಿದೋರು ಅವರು. ಮಗ್ಗುಲಲ್ಲೇ ಮಲಗೋ ನೀವು ಇನ್ನೂ ಒಂದು ಸಲ ಕೇಳಿಲ್ಲ. ಕೇಳೋವರೆಗೂ ಒಲೆ ನಿಮ್ದು, ಮಂಚ ನಂದು!"