ಕಾರಿನಲ್ಲಿ ಮಾತ್ರ ಹೇಳಬಹುದಾದ ಹೆಸರುಗಳು

ನನ್ನ ಅಣ್ಣನ ಮೇಲೆ ನನಗಿರುವ ಸಿಟ್ಟು ಒಂದು ಹಳೆಯ ಕಾರಿನ ಮ್ಯಾಪಿನಿಂದ ಶುರುವಾಯಿತು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನಗುವವರ ಅಪ್ಪನ ದನಿ ಅವರವರ ಫೋನಿನಲ್ಲಿ ಭದ್ರವಾಗಿರುತ್ತದೆ.

ಕಾರು ನನ್ನದು. ಗಂಡನ ಮನೆ ಬಿಟ್ಟು ಕೀಳ್ ಕೋತಗಿರಿ ಕಡೆಯ ನಮ್ಮ ಹಟ್ಟಿಗೆ ವಾಪಸು ಬಂದ ಮೇಲೆ ಟೀಚರ್ ಕೆಲಸ ಸಿಕ್ಕಿತು, ಆಮೇಲೆ ಈ ಕಾರು. ಕೊಯಮತ್ತೂರಿನವರೊಬ್ಬರು ಮನಸೋ ಇಚ್ಛೆ ಓಡಿಸಿ ಮಾರಿದ್ದು. ಬಾಗಿಲಿನ ರಬ್ಬರು ಕಿತ್ತು ಮಳೆನೀರು ಒಳಗೆ ಬರುತ್ತಿತ್ತು, ಆದರೆ ಡ್ಯಾಶ್‌ಬೋರ್ಡಿನಲ್ಲಿ ಮ್ಯಾಪು ತೋರಿಸುವ ಪರದೆ ಇತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಪ್ಪ ನಕ್ಕಿದ್ದರು. ಪರದೆಯ ಕೆಳಗೆ ಒಂದೇ ಒಂದು ಕಾರ್ಡಿನ ಸೀಳು. ಮ್ಯಾಪೂ ಅದೇ ಕಾರ್ಡಿನಲ್ಲಿ, ಹಾಡೂ ಅದೇ ಕಾರ್ಡಿನಲ್ಲಿ. ಪಕ್ಕದ ಯುಎಸ್‌ಬಿ ತೂತಿಗೆ ಕೊಯಮತ್ತೂರಿನ ಯಾವುದೋ ಮಗು ಚೂಯಿಂಗ್ ಗಮ್ ತುಂಬಿಟ್ಟಿತ್ತು.

ಹಾಡಿನ ಹೆಸರನ್ನು ಕನ್ನಡದಲ್ಲೋ ತಮಿಳಿನಲ್ಲೋ ಬರೆದರೆ ಆ ಪರದೆಗೆ ಓದಲು ಬರುತ್ತಿರಲಿಲ್ಲ, ಸಾಲಾಗಿ ಖಾಲಿ ಚೌಕಗಳನ್ನು ತೋರಿಸುತ್ತಿತ್ತು. ಹಾಗಾಗಿ ಎಲ್ಲಕ್ಕೂ ನಂಬರು ಕೊಟ್ಟಿದ್ದೆ. ಇಂಜಿನ್ ಆಫ್ ಮಾಡಿ ಮತ್ತೆ ಹಚ್ಚಿದರೆ ಎಲ್ಲಿ ನಿಲ್ಲಿಸಿದ್ದೆವೋ ಅಲ್ಲಿಂದ ಹಾಡುವುದಿಲ್ಲ, ಒಂದನೇ ನಂಬರಿನಿಂದಲೇ ಶುರು. ನಡುನಡುವೆ ಮ್ಯಾಪಿನ ಹೆಂಗಸು ಇಂಗ್ಲಿಷಿನಲ್ಲಿ ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎನ್ನುತ್ತಿದ್ದಳು. ನಮ್ಮ ಹಟ್ಟಿ ಅವಳ ಲೆಕ್ಕದಲ್ಲೇ ಇರಲಿಲ್ಲ. ಮನೆ ಮುಂದೆ ನಿಲ್ಲಿಸಿದಾಗಲೂ ಪರದೆಯಲ್ಲಿ ನಾವು ಹಸಿರು ಬಯಲಿನ ನಡುವೆ ಇರುತ್ತಿದ್ದೆವು.

ಇನ್ನು ಅಪ್ಪನ ವಿಷಯ. ನಮ್ಮಲ್ಲಿ ಯಾರಾದರೂ ಸತ್ತರೆ ಹೆಣದ ಮಂಚದ ತಲೆಯ ಕಡೆ ಒಬ್ಬ ಹಿರಿಯ ನಿಂತು, ಸತ್ತವರು ತಿಳಿದೋ ತಿಳಿಯದೆಯೋ ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳಿ ಕಳೆಯಬೇಕು. ಸುತ್ತ ನಿಂತವರು ದನಿಗೂಡಿಸುತ್ತಾರೆ. ಕೊನೆಗೆ ಆ ಮನೆತನದ ಹಿರಿಯರ ಹೆಸರು ಕರೆದು, ನಿಮ್ಮವರು ಬರುತ್ತಿದ್ದಾರೆ, ಬಾಗಿಲು ತೆಗೆಯಿರಿ ಎನ್ನಬೇಕು. ಪಾಪಗಳ ಪಟ್ಟಿ ಹೆಚ್ಚುಕಡಿಮೆ ಎಲ್ಲ ಹಟ್ಟಿಗೂ ಒಂದೇ, ಹತ್ತಾರು ಮುದುಕರಿಗೆ ಬರುತ್ತದೆ. ಹೆಸರುಗಳು ಹಾಗಲ್ಲ. ನಮ್ಮ ಹಟ್ಟಿಯ ಹದಿಮೂರು ತಲೆಮಾರು, ಯಾರ ಮಗ ಯಾರು, ಯಾವ ಕಾಡು ಕಡಿದು ಹೊಲ ಮಾಡಿದವನು, ಯಾವ ಹೊಳೆ ದಾಟಿ ಬಂದವನು, ಎಲ್ಲ ಸರಿಯಾದ ಸಾಲಿನಲ್ಲಿ ಅಪ್ಪ ಒಬ್ಬರಿಗೇ ಗೊತ್ತಿತ್ತು. ಅದನ್ನು ಅಣ್ಣನಿಗೆ ದಾಟಿಸಬೇಕೆಂಬುದೇ ಅವರ ಕಡೆಯ ದಿನಗಳ ಒಂದೇ ಚಿಂತೆ.

ಆದರೆ ಸಾವಿಲ್ಲದ ಮನೆಯಲ್ಲಿ ಆ ಮಾತು ಆಡಬಾರದು. ಬರೆದ ಕಾಗದವನ್ನೂ ಮನೆಯಲ್ಲಿ ಇಡಬಾರದು. ಅಣ್ಣ ಅರವಂಕಾಡಿನ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದ. ಶಿಫ್ಟು, ಓವರ್‌ಟೈಮು, ಅತ್ತಿಗೆಯ ಕಡೆಯ ಮದುವೆ ಎಂದು ಅವನಿಗೆ ಬಿಡುವೇ ಇರುತ್ತಿರಲಿಲ್ಲ. ಎರಡು ವಾರಕ್ಕೊಮ್ಮೆ ಅಪ್ಪನನ್ನು ಊಟಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವಳು ನಾನು. ಒಂದು ದಿನ ಕೋತಗಿರಿ ದಾಟಿದ ಮೇಲೆ ಅಪ್ಪ ತಾವಾಗಿಯೇ ಕೇಳಿದರು.

“ಈ ಪೆಟ್ಟಿಯೊಗ ಎನ್ನ ಮಾತ ಇಡಲಾಗದೋ?”

ಪೆಟ್ಟಿ ಎಂದರೆ ಕಾರಿನ ಪರದೆ. ಇಡಬಹುದು, ಆದರೆ ಫೋನಿನಲ್ಲಿ ಹಿಡಿದು ಆಮೇಲೆ ಅದಕ್ಕೆ ಹಾಕಬೇಕು ಎಂದೆ.

“ಹಾಕಿದ ಮೇಲೆ ಫೋನೊಗ ಅಳಿಸಿಬಿಡು. ಫೋನು ಮನೆಯೊಗ ಬರುವ ವಸ್ತು. ಕಾರು ಮನೆ ಅಲ್ಲ. ನಿನ್ನಣ್ಣ ಕೇಳಿ ಕಲಿಯಲಿ.”

ದೊಡ್ಡಬೆಟ್ಟದ ತಿರುವುಗಳಲ್ಲಿ, ಕಿಟಕಿ ಮುಚ್ಚಿಕೊಂಡು, ಅಪ್ಪ ಪೂರ್ತಿ ಹೇಳಿದರು. ಅಷ್ಟು ವರ್ಷಗಳಲ್ಲಿ ನಾನು ಅದನ್ನು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಸಾವಿನ ಮನೆಯ ಗದ್ದಲದಲ್ಲಿ ಹೆಂಗಸರಿಗೆ ಅರ್ಧ ಕೇಳುವುದೇ ಇಲ್ಲ. ಅಪ್ಪ ಹೇಳಿದಂತೆಯೇ ಮಾಡಿದೆ. ಕಾರಿನಲ್ಲಿ ಕೂತೇ ಕಾರ್ಡಿಗೆ ಹಾಕಿ ಫೋನಿನಿಂದ ಅಳಿಸಿದೆ. ಇನ್ನೊಂದು ಕಡೆ ಉಳಿಸಿಕೊಳ್ಳಬೇಕೆಂದು ನನಗೆ ಹೊಳೆಯದೆ ಇರಲಿಲ್ಲ. ಇಡುವುದಾದರೂ ಎಲ್ಲಿ? ಸ್ಕೂಲಿನ ಬೀರುವಿನಲ್ಲೇ?

ಮಂಕುಬುದ್ಧಿಯಿಂದ ಅದಕ್ಕೆ ಒಂದನೇ ನಂಬರು ಕೊಟ್ಟಿದ್ದೆ. ಮಾರನೆಯ ದಿನ ಪಕ್ಕದ ಮನೆಯ ಹೆಂಗಸೊಬ್ಬಳನ್ನು ಕೋತಗಿರಿಗೆ ಹತ್ತಿಸಿಕೊಂಡು ಕೀಲಿ ತಿರುಗಿಸಿದರೆ ಅಪ್ಪನ ದನಿ ಹೆಣ ಕಳಿಸುವ ಮಾತನ್ನು ಗಟ್ಟಿಯಾಗಿ ಶುರು ಮಾಡಿತು. ಅವಳು ಬುಟ್ಟಿಯನ್ನೂ ಬಿಟ್ಟು ಇಳಿದು ಓಡಿದಳು. ಆಮೇಲೆ ನಂಬರು ಬದಲಿಸಿ ಎಲ್ಲ ಹಾಡುಗಳ ಕೆಳಗೆ ತಳ್ಳಿದೆ. ಒಬ್ಬಳೇ ಇರುವಾಗ ಬಟನ್ ಒತ್ತಿ ಒತ್ತಿ ಅಲ್ಲಿಗೆ ಹೋಗುತ್ತಿದ್ದೆ. ಸ್ಕೂಲಿಗೆ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಎರಡು ತಿಂಗಳಲ್ಲಿ ಹದಿಮೂರು ಹೆಸರೂ ನನ್ನ ನಾಲಗೆಯ ಮೇಲಿದ್ದವು. ಅಣ್ಣ ಒಮ್ಮೆಯೂ ಬಂದು ಕೇಳಲಿಲ್ಲ.

ಕಾರು ಬೇಕಾದಾಗ ಮಾತ್ರ ಬಂದ. ಗೂಡಲೂರಿನಲ್ಲಿ ಮದುವೆ, ಅತ್ತಿಗೆಯ ತಮ್ಮಂದಿರನ್ನೆಲ್ಲ ತುಂಬಿಕೊಂಡು ಹೋಗಬೇಕು ಎಂದ. ಅಲ್ಲಿ ಮ್ಯಾಪಿನ ಹೆಂಗಸು ಹೇಳಿದಂತೆಲ್ಲ ತಿರುಗಿಸಿ ಒಂದು ಎಸ್ಟೇಟಿನ ಗೇಟಿನ ಮುಂದೆ ಹೋಗಿ ನಿಂತಿದ್ದಾನೆ. “ವಳಿ ಇಲ್ಲ ಚೇಟ್ಟಾ,” ದಾರಿ ಇಲ್ಲ ಅಣ್ಣಾ, ಎಂದು ವಾಚ್‌ಮನ್ ನಕ್ಕನಂತೆ. ಇವರು ಮುಟ್ಟುವಷ್ಟರಲ್ಲಿ ಊಟದ ಕಡೆಯ ಪಂಕ್ತಿಯೂ ಎದ್ದಿತ್ತು. ತಂಗಿಯ ಮಾತು ಕೇಳದವನು, ಅಪ್ಪನ ಮಾತಿಗೆ ಕಿವಿಗೊಡದವನು, ಯಾವಳೋ ಕಾರಿನೊಳಗಿನವಳು ಹೇಳಿದಳೆಂದು ಟೀ ತೋಟದೊಳಗೆ ನುಗ್ಗಿದನಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಗೆ ಆಯುಷ್ಯ ಕಡಿಮೆಯಿತ್ತು.

ಅತ್ತಿಗೆಯ ಕಡೆಯವರ ಮುಂದೆ ಮರ್ಯಾದೆ ಹೋಯಿತು ಎಂದು ಅವನು ಮ್ಯಾಪನ್ನು ಹೊಸದು ಮಾಡಲು ಕೂತ. ನನ್ನನ್ನು ಕೇಳಲಿಲ್ಲ. ಕಾರ್ಡು ಕಿತ್ತು ಕಂಪ್ಯೂಟರಿಗೆ ಹಾಕಿದ. ಹೊಸ ಮ್ಯಾಪಿಗೆ ಜಾಗ ಸಾಲದು, ಎಲ್ಲ ಖಾಲಿ ಮಾಡು ಎಂದಿತು. ಖಾಲಿ ಮಾಡಿದ. ಆಮೇಲೆ ಕಾರ್ಡನ್ನು ವಾಪಸು ಹಾಕಿ, ಕಾರು ಚಾಲೂ ಇಟ್ಟುಕೊಂಡೇ ಮುಕ್ಕಾಲು ಗಂಟೆ ಕಾಯಬೇಕಂತೆ, ನಡುವೆ ಆಫ್ ಮಾಡಬಾರದಂತೆ. ಆ ತಾಳ್ಮೆಯೆಲ್ಲ ಅವನಿಗೆ ಎಲ್ಲಿಂದ ಬಂತೋ. ಭಾನುವಾರ ಕಾರು ತಂದು ಅಂಗಳದಲ್ಲಿ ನಿಲ್ಲಿಸಿ, ಪರದೆಯಲ್ಲಿ ನಮ್ಮ ಹಟ್ಟಿಗೆ ಬರುವ ರಸ್ತೆ ತೋರಿಸಿದ. ಹೆಸರಿಲ್ಲದ ಬಿಳಿ ಗೆರೆ. ಹಟ್ಟಿ ಈಗಲೂ ಇರಲಿಲ್ಲ.

“ಹಾಡೆಲ್ಲ ತೆಗೆದಿಟ್ಟು ಮತ್ತ ಹಾಕಿದೆ. ಕಡೆಯ ಒಂದು ಮಾತ್ರ ಹಾಕಿಲ್ಲೆ,” ಎಂದ.

“ಅದು ಅಪ್ಪನದು. ಎಲ್ಲಿ ಇಟ್ಟಿದ್ದೆ?”

“ಇಡುವದೋ? ಮಕ್ಕ ಇದ್ದ ಮನೆ. ಸಾವಿನ ಮಾತ ಎನ್ನ ಮನೆ ಕಂಪ್ಯೂಟರೊಗ ಇಡುವದೋ?”

ಅಂದರೆ ಅವನು ತಿಳಿಯದೆ ಅಳಿಸಿರಲಿಲ್ಲ. ಕೇಳಿ, ಏನೆಂದು ಗೊತ್ತಾಗಿ, ಹೆದರಿ ಅಳಿಸಿದ್ದ. ಕಾರಿನಲ್ಲೇ ಕೂತು ಫೋನಿಗೆ ಹಾಕಿಕೊಂಡು, ಆಮೇಲೆ ವಾಪಸು ಹಾಕುವ ಅಷ್ಟು ಸಣ್ಣ ಕಷ್ಟವನ್ನೂ ಅವನು ಪಡಲಿಲ್ಲ. ನಾನು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಜಗಲಿಯಲ್ಲಿ ಕೂತಿದ್ದ ಅಪ್ಪ ನನ್ನ ಪರ ಮಾತಾಡುತ್ತಾರೆ ಎಂದುಕೊಂಡಿದ್ದೆ.

“ಅವ ಮಾಡಿದ್ದು ಸರಿ. ಮನೆಯೊಗ ಇಡಲಾಗದು,” ಎಂದರು ಅಪ್ಪ.

ಮುಂದಿನ ಸಲ ಊಟಿಗೆ ಹೋಗುವಾಗ, ಇನ್ನೊಮ್ಮೆ ಹೇಳಿ ಎಂದು ಕೇಳಿದೆ. ಬೇಡ ಎಂದರು. ಪೆಟ್ಟಿಗೆಗಳನ್ನು ನಂಬಿದ್ದು ಸಾಕು, ಮಗ ಬಂದು ಪಕ್ಕದಲ್ಲಿ ಕೂರಲಿ, ನೇರವಾಗಿ ಹೇಳಿಕೊಡುತ್ತೇನೆ ಎಂದರು. ನನಗೆ ತಡೆಯಲಾಗಲಿಲ್ಲ. ಎಲ್ಲ ನನಗೇ ಬರುತ್ತದೆ ಎಂದು ಮೊದಲಿನಿಂದ ಕಡೆಯ ಹೆಸರಿನವರೆಗೆ ಒಂದೂ ತಪ್ಪದೆ ಹೇಳಿಬಿಟ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ನನ್ನ ತಲೆ ಸವರಿದರು.

“ನೀ ಕಲ್ತು ಏನ ಮಾಡುವೆ, ಕೂಸೇ?”

ಪ್ರೀತಿಯಿಂದಲೇ ಕೇಳಿದರು. ಅದಕ್ಕೇ ಅದು ಇನ್ನೂ ಮರೆಯಲಾಗಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ.

ಅಣ್ಣ ಬರಲಿಲ್ಲ. ನಾಲ್ಕು ಭಾನುವಾರ ಅಪ್ಪ ಸ್ನಾನ ಮಾಡಿ, ಬಿಳಿ ಮುಂಡಾಸು ಸುತ್ತಿ, ಕಾರಿನ ಮುಂದಿನ ಸೀಟಿನಲ್ಲಿ ಕೂತು ಕಾದರು. ಐದನೆಯ ಭಾನುವಾರಕ್ಕೆ ಮೊದಲೇ, ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಹಾಗೆಯೇ ಪಕ್ಕಕ್ಕೆ ಒರಗಿದರು.

ಸಾವಿಗೆ ಎಲ್ಲ ಕಡೆಯಿಂದ ಜನ ಬಂದರು. ಹೆಂಗಸರು ಮಂಚದ ಸುತ್ತ ಕೂರುತ್ತೇವೆ. ಮಗಳಾದ್ದರಿಂದ ನಾನು ಅಪ್ಪನ ತಲೆಯ ಬಳಿ. ನನ್ನ ಹಿಂದೆಯೇ ಅಣ್ಣ ನಿಂತಿದ್ದ. ಪಕ್ಕದ ಹಟ್ಟಿಯ ಮುದುಕರೊಬ್ಬರು ಪಾಪಗಳನ್ನು ಹೇಳಿ ಮುಗಿಸಿ, ಇನ್ನು ನಿಮ್ಮ ಹೆಸರು ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಅಜ್ಜನ ಹೆಸರು ಹೇಳಿದ, ಮುತ್ತಜ್ಜನ ಹೆಸರು ಹೇಳಿದ. ಅಲ್ಲಿಗೆ ನಿಂತುಹೋದ. ಊರಿಗೆಲ್ಲ ದಾರಿ ಹೇಳಿ ಕಳಿಸಿದ ಮನುಷ್ಯನಿಗೆ ದಾರಿ ಹೇಳುವವರು ಇರಲಿಲ್ಲ. ನಾನು ತಲೆ ಬಗ್ಗಿಸಿ, ಸೆರಗು ಬಾಯಿಗಿಟ್ಟು, ಮೂರನೆಯ ಹೆಸರು ಹೇಳಿದೆ. ಅಣ್ಣ ಅದನ್ನು ಗಟ್ಟಿಯಾಗಿ ಕೂಗಿದ. ನಾಲ್ಕನೆಯದು. ಐದನೆಯದು. ಹೊಲ, ಹೊಳೆ, ಎಲ್ಲ. ದೂರ ನಿಂತವರಿಗೆ ನಾನು ಬಿಕ್ಕುತ್ತಿರುವಂತೆ ಕಂಡಿರಬೇಕು. ಹದಿಮೂರೂ ಆದ ಮೇಲೆ ಮಂಚ ಎತ್ತಿದರು.

“ಅಪ್ಪನ ಗಂಟಲೇ ಬಂದದೆ ಇವಗ,” ಎಂದು ಆ ಮುದುಕರು ಅಣ್ಣನ ಭುಜ ತಟ್ಟಿದರು. ಅಣ್ಣ ತಲೆ ತಗ್ಗಿಸಿ ಆ ಹೊಗಳಿಕೆ ತೆಗೆದುಕೊಂಡ. ಇನ್ನು ಮುಂದೆ ನಮ್ಮ ಹಟ್ಟಿಯ ಹೆಸರುಗಳನ್ನು ಇವನೇ ಹೇಳಬೇಕು ಎಂದು ಅಲ್ಲಿಯೇ ತೀರ್ಮಾನವಾಯಿತು.

ಎಂಟು ದಿನ ಬಿಟ್ಟು ಕಾರಿನಲ್ಲಿ ಕೂತು ಅವನನ್ನು ಕರೆದೆ. ಪೂರ್ತಿ ಹೇಳುತ್ತೇನೆ, ಕಾರ್ಡಿಗೆ ಹಾಕಿಕೊಳ್ಳೋಣ, ನೀನು ಓಡಾಡುತ್ತ ಕಲಿ, ಆದರೆ ಯಾರಿಂದ ಕಲಿತೆ ಎಂದು ಹಟ್ಟಿಯ ಹಿರಿಯರ ಮುಂದೆ ಒಂದು ಮಾತು ಹೇಳಬೇಕು ಎಂದೆ.

“ನಗುವರು,” ಎಂದ. ಸ್ವಲ್ಪ ಯೋಚಿಸಿ ಮತ್ತೆ ಅಂದ, “ಕಲಿವದು ಏಕ? ನೀ ಹೆಂಗೂ ಪಕ್ಕದೊಗೇ ಕೂರುವೆ ಅಲ್ಲವೋ?”

ಅವನಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಪರದೆಯಲ್ಲಿ ಯಾವ ಹಾಡು ಬರುತ್ತದೆ ಎಂದು ನೋಡುತ್ತಲೇ ಹೇಳಿದ. ನಾನು ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿ ಇಳಿದು ಹೋದೆ.

ಮಳೆಗಾಲ ಮುಗಿಯುವಾಗ ನಮ್ಮ ಚಿಕ್ಕಜ್ಜಿ ಹೋದಳು, ಅಪ್ಪನ ಚಿಕ್ಕಪ್ಪನ ಹೆಂಡತಿ. ನಾನು ಗಂಡನ ಮನೆಯಿಂದ ಒಂದು ಸೂಟ್‌ಕೇಸು ಹಿಡಿದು ಬಂದ ದಿನ ಹಟ್ಟಿಯೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಾಗ, ಹೊರಗೆ ಬಂದು ಸೂಟ್‌ಕೇಸಿಗೆ ಕೈ ಹಾಕಿದವಳು ಅವಳೊಬ್ಬಳೇ. ಏಕೆ ಬಂದೆ ಎಂದು ಸಾಯುವವರೆಗೆ ಕೇಳಲಿಲ್ಲ. ತಾನು ಹೋಗುವಾಗ ನನ್ನ ಅಪ್ಪನೇ ಹೆಸರು ಹೇಳಿ ಕಳಿಸಬೇಕೆಂದು ಆಸೆಪಟ್ಟಿದ್ದಳು, ಅವನೇ ಮುಂದೆ ಹೋದನಲ್ಲ ಎಂದು ಅಳುತ್ತಿದ್ದಳು.

ಅವಳ ತಲೆಯ ಬಳಿ ನಾನು ಕೂತಿದ್ದೆ. ಹೆಸರು ಹೇಳುವ ಹೊತ್ತು ಬಂದಾಗ ಅಣ್ಣ ಬಂದು ನನ್ನ ಹಿಂದೆ ನಿಂತ. ಬೇಕೆಂದೇ ಅಲ್ಲಿ ನಿಂತ. ಕಳೆದ ಸಲ ನೆನಪುಳಿದ ಒಂದೂ ಸೇರಿ ಮೂರು ಹೆಸರು ತಾನೇ ಹೇಳಿದ. ನಿಂತ. ಕಾದ. ಅವನ ಮೊಣಕಾಲು ಮೆಲ್ಲಗೆ ನನ್ನ ಬೆನ್ನಿಗೆ ತಾಗಿತು, ಹೇಳು ಎಂಬಂತೆ. ನಾಲ್ಕನೆಯವನ ಹೆಸರು ನನ್ನ ಹಲ್ಲಿನ ಹಿಂದೆಯೇ ಇತ್ತು. ನಾನು ಸೆರಗನ್ನು ಕಚ್ಚಿ ಹಿಡಿದೆ. ಅವನು ನಾಚಲಿ, ಜನ ನೋಡಲಿ ಎಂದು ಹಾಗೇ ಕೂತೆ. ಆದರೆ ಯಾರೂ ಅವನನ್ನು ಏನೂ ಅನ್ನಲಿಲ್ಲ. ಪಾಪ, ಅಪ್ಪ ಸತ್ತ ದುಃಖ ಇನ್ನೂ ಆರಿಲ್ಲ ಎಂದರು. ಪಕ್ಕದ ಹಟ್ಟಿಯ ಆ ಮುದುಕರೇ ಗಂಟಲು ಸರಿಮಾಡಿಕೊಂಡು, ಹಿರಿಯರೆಲ್ಲ ಬಾಗಿಲು ತೆಗೆಯಲಿ ಎಂದು ಒಟ್ಟಾಗಿ ಹೇಳಿ ಮುಗಿಸಿದರು. ಮಂಚ ಎದ್ದಿತು. ಉಳಿದ ಹತ್ತು ಹೆಸರೂ ನನಗೆ ಬರುತ್ತಿದ್ದವು, ಆ ಮುದುಕಿಗೆ ಒಂದನ್ನೂ ಕೊಡಲಿಲ್ಲ.