ಕತ್ತರಿ ಹಾಕುವ ಮೊದಲು
ತಾಳವಾಡಿಯ ಟೈಲರ್ ಚೆನ್ನಾಜಮ್ಮನ ಕೈಗೆ ಸಿಕ್ಕರೆ ಅಜ್ಜಿಯ ಕೈಮಗ್ಗದ ಸೀರೆ ಮೊಮ್ಮಗಳ ಕುರ್ತಿಯಾಗುತ್ತದೆ, ಸೆರಗು ಜಾಕೆಟ್ಟಿನ ಜೇಬಾಗುತ್ತದೆ, ಒಂದು ಚೂರೂ ದಂಡವಾಗುವುದಿಲ್ಲ. ಆದರೆ ಸತ್ತವರ ಸೀರೆಗೆ ಅಪ್ಪಣೆಯಿಲ್ಲದೆ ಕತ್ತರಿ ಹಾಕುವವರಲ್ಲ. ಉಟ್ಟವರ ಹೆಸರು ಕೂಗಿ, ಸೀರೆಯ ಮಡಿಕೆಗೆ ಕಿವಿಯಿಟ್ಟು ಕಾಯುತ್ತಾರೆ. "ಏನಂದ್ರು ಚೆನ್ನಾಜವ್ವ?" ಎಂದು ಯಾರಾದರೂ ರೇಗಿಸಿದರೆ, "ನಿಮ್ಮತ್ತೆ ಬದ್ಕಿದ್ದಾಗ್ಲೇ ಯೋಳಿದ್ದು ನಿಂಗೆ ಕೇಳ್ನಿಲ್ಲ, ಈಗೇನ್ ಕೇಳ್ದದು?" ಎಂದು ಬಾಯಿ ಮುಚ್ಚಿಸುತ್ತಾರೆ. ನಾನೂ ನಗುತ್ತಿದ್ದೆ. ಮೊನ್ನೆ ಮಗಳ ಫ್ರಾಕಿಗೆಂದು ತೀರಿಹೋದ ನಮ್ಮತ್ತೆಯ ಸೀರೆ ಒಯ್ದೆ. ಎರಡು ವರ್ಷ ತುಂಬಿದರೂ ಒಂದು ಮಾತಾಡದ ಮಗು; ಯಾವ ಡಾಕ್ಟರಿಗೆ ತೋರಿಸಲಿ ಎಂಬುದೇ ನನ್ನ ಚಿಂತೆ. "ನಿಂಗಾಜಕ್ಕಾ, ಕತ್ರಿ ಆಕ್ಲಾ?" ಎಂದು ಚೆನ್ನಾಜಮ್ಮ ಅತ್ತೆಯ ಹೆಸರು ಕೂಗಿ ಸೀರೆಯನ್ನು ಕೇಳಿದರು. "ಆಕು ಚೆನ್ನಿ" ಎಂದಿತು ನನ್ನ ಮಡಿಲಲ್ಲಿದ್ದ ಮಗು. ನಮ್ಮತ್ತೆ ಚೆನ್ನಾಜಮ್ಮನನ್ನು ಕರೆಯುತ್ತಿದ್ದುದೇ ಹಾಗೆ. ಚೆನ್ನಾಜಮ್ಮ ಮಗುವಿಗೆ ಕೈಮುಗಿದು ಕತ್ತರಿ ಎತ್ತಿಕೊಂಡರು.