ಕಂಬದ ಪಕ್ಕದ ಜಾಗ

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಎನ್ನುತ್ತಾರೆ. ಸಾವಿತ್ರಿಬಾಯಿಗೆ ಸಾವಿರ ಬೇಕಾಗಿರಲಿಲ್ಲ, ಒಂದೇ ಸಾಕಾಗಿತ್ತು. ಮಗಳು ಭುವನೇಶ್ವರಿ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ, "ಹೆಣ್ಣಮಕ್ಕಳಿಗೆ ಎಕ್ಸರ್ಸೈಜ್ ಕಲಿಸ್ತಾಳ್ರಿ" ಅನ್ನುತ್ತಿದ್ದಳು. ಭುವನೇಶ್ವರಿ ಕಲಿಸುತ್ತಿದ್ದುದು ಡ್ಯಾನ್ಸು. ಪುಣೆಯ ಬಿಬವೇವಾಡಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಗೋಡೆ ತುಂಬ ಕನ್ನಡಿ ಇರುವ ಸ್ಟುಡಿಯೋದಲ್ಲಿ.

ತಾಯಿಯನ್ನು ಬೈದು ಉಪಯೋಗವಿಲ್ಲ. ಅವರ ಊರು ಶಹಾಪುರದ ಕಡೆ. ಅಲ್ಲಿ 'ಕುಣ್ಯಾಕಿ' ಎಂಬ ಮಾತಿಗೆ ಅರ್ಥವೇ ಬೇರೆ. ಮರ್ಯಾದಸ್ಥರ ಹೆಣ್ಣಿಗೆ ಹಾಗಂದರೆ ಜಗಳವಾಗುತ್ತದೆ. ಹಿಂದೊಂದು ಸಂಬಂಧ ನಿಜ ಹೇಳಿದ್ದಕ್ಕೇ ಮುರಿದುಬಿದ್ದಿತ್ತು. ಗಂಡಿನ ಸೋದರತ್ತೆ ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟು, "ಕುಣ್ಯಾಕಿನ್ನ ಮನಿ ತುಂಬಿಸ್ಕೊಂಡ್ರ ಮಂದಿ ಏನಂತಾರ" ಎಂದು ಎದ್ದು ಹೋಗಿದ್ದಳು. ಆ ಅರ್ಧ ಕಪ್ಪು ಚಹಾವನ್ನು ಸಾವಿತ್ರಿಬಾಯಿ ಇನ್ನೂ ಮರೆತಿರಲಿಲ್ಲ.

ಭುವನೇಶ್ವರಿ ಕುಣಿಯಲು ಕಲಿತದ್ದು ಯಾವ ಗುರುವಿನ ಮನೆಯಲ್ಲೂ ಅಲ್ಲ, ಸ್ಲ್ಯಾಬಿನ ಮೇಲೆ. ಅಪ್ಪ ಗುರಣ್ಣ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಬುಟ್ಟಿ ಹೊರುವುದಕ್ಕೆ ಎಂದು ಪುಣೆಗೆ ಬಂದಾಗ ಅವಳಿನ್ನೂ ಕಂಕುಳ ಕೂಸು. ಒಂದು ಕಟ್ಟಡ ಮುಗಿದರೆ ತಗಡಿನ ಮನೆ ಬಿಚ್ಚಿಕೊಂಡು ಇನ್ನೊಂದು ಕಟ್ಟಡಕ್ಕೆ. ಹೊಸ ಸ್ಲ್ಯಾಬು ಒಣಗದಿರಲೆಂದು ಅದರ ಮೇಲೆ ಪಾದ ಮುಳುಗುವಷ್ಟು ನೀರು ಕಟ್ಟಿ ನಿಲ್ಲಿಸುತ್ತಾರಲ್ಲ, ಆ ನೀರಿನಲ್ಲಿ ಕೂಲಿಯವರ ಮಕ್ಕಳೆಲ್ಲ ಕುಣಿಯುವುದು. ಉಳಿದವರು ಜಾರಿ ಬೀಳುತ್ತಿದ್ದರು, ಇವಳು ಬೀಳುತ್ತಿರಲಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇವಳಿಗೆ ಸಿಕ್ಕಿದ ನೆಲವೆಲ್ಲ ಡೊಂಕೇ, ಆದರೂ ಬಾಯಿ ಬಿಡದೆ ಕುಣಿದಳು. ಮುಂದೆ ಮರಾಠಿ ಶಾಲೆಯ ವಾರ್ಷಿಕ ಗ್ಯಾದರಿಂಗ್, ಗಣಪತಿ ಮೆರವಣಿಗೆಯ ಲೇಜಿಮ್ ತಂಡ, ಶ್ರೀಮಂತರ ಮದುವೆಗಳಲ್ಲಿ ಮದುಮಗಳ ಹಿಂದೆ ನಿಂತು ಕುಣಿಯುವ ಕೆಲಸ. ಅಂಥ ಒಂದು ಮದುವೆಯಲ್ಲೇ ಸ್ಟುಡಿಯೋದ ಒಡತಿ ಅನುಜಾ ಅವಳನ್ನು ಕಂಡು ಕರೆದದ್ದು.

ಅನುಜಾ ಚಿಕ್ಕಂದಿನಿಂದ ಕಥಕ್ ಕಲಿತವಳು. ಭುವನೇಶ್ವರಿಗೆ ಸರ್ಟಿಫಿಕೇಟೆಂಬ ಕಾಗದ ಒಂದೂ ಇರಲಿಲ್ಲ, ಅದೊಂದು ಅಳುಕು. ಹಗಲು ಕಂಪ್ಯೂಟರ್ ಕಂಪನಿ, ಸಂಜೆ ಅದೇ ಸ್ಟುಡಿಯೋದಲ್ಲಿ ಸಾಲ್ಸಾ ಕುಣಿತದ ಪಾಠ ಎಂದು ಎರಡು ದೋಣಿಯಲ್ಲಿ ಕಾಲಿಟ್ಟಿದ್ದ ಮೈಸೂರಿನ ಮಿಥುನ ಅವಳ ಅಳುಕನ್ನು ನಕ್ಕು ಹಾರಿಸಿದ್ದ. "ನಾನು ಸಾಲ್ಸಾ ಕಲ್ತಿದ್ದು ಪಿ.ಜಿ. ಟೆರೇಸಲ್ಲಿ, ಫೋನ್ ನೋಡ್ಕೊಂಡು. ನಮ್ಮ ಹಿಸ್ಟರಿ ಕೇಳಿದ್ರೆ ಯಾರೂ ಕ್ಲಾಸಿಗೇ ಬರಲ್ಲ ಬಿಡು," ಅಂದಿದ್ದ.

ಬೆಳಗಿನ ಗೃಹಿಣಿಯರ ಬ್ಯಾಚು ಯಾವ ಟೀಚರಿಗೂ ಬೇಡವಾಗಿತ್ತು. ಅದು ಭುವನೇಶ್ವರಿಯ ಪಾಲಿಗೆ ಬಂತು. ಕೈ ಹೀಗೆ ತಿರುಗಿಸಿ ಎಂದರೆ ಆ ಹೆಂಗಸರಿಗೆ ಒಂದೂ ತಿಳಿಯುತ್ತಿರಲಿಲ್ಲ. ಒಂದು ದಿನ ಬೇಸತ್ತು ಮರಾಠಿಯಲ್ಲಿ, "ಭಾಕ್ರಿ ಬಡೀರಿ" ಅಂದಳು. ದಿನವೂ ರೊಟ್ಟಿ ಬಡಿಯುವ ಕೈಗಳೆಲ್ಲ ಒಮ್ಮೆಲೇ ತಾಳಕ್ಕೆ ಬಂದವು. ಅಂದಿನಿಂದ ಅವಳ ಪಾಠದಲ್ಲಿ ಜೋಳ ಕೇರುವುದು, ಬಾವಿಯಿಂದ ಹಗ್ಗ ಜಗ್ಗುವುದು, ಹಸಿ ಸೀರೆ ಝಾಡಿಸುವುದು ಎಲ್ಲ ಹೆಜ್ಜೆಗಳಾದವು. ಬ್ಯಾಚು ತುಂಬಿತು. ಹೆಸರು ಉದ್ದವಾಯಿತೆಂದು ಅನುಜಾ 'ಭೂಮಿ' ಎಂದು ಕತ್ತರಿಸಿದ್ದರಿಂದ ಅವಳು ಎಲ್ಲರಿಗೂ ಭೂಮಿ ಟೀಚರ್.

ಆ ಸ್ಟುಡಿಯೋದಲ್ಲಿ ಅನುಜಾ ಹಾಕಿದ ಒಂದು ಪದ್ಧತಿಯಿತ್ತು. ಕ್ಲಾಸಿನ ಮೊದಲು ಮತ್ತು ಕೊನೆಗೆ ಎಲ್ಲರೂ ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಟೀಚರಿಗೆ ಕೈ ಮುಗಿಯಬೇಕು. ತಾಯಿಯ ವಯಸ್ಸಿನವರು ಹಾಗೆ ಮಾಡುವಾಗ ಭುವನೇಶ್ವರಿ ಮೊದಮೊದಲು ನಾಚಿಕೆಯಿಂದ ಕುಗ್ಗುತ್ತಿದ್ದಳು. ಬರಬರುತ್ತ ರೂಢಿಯಾಯಿತು, ಅವರಿಗೂ ಇವಳಿಗೂ.

ಆ ಬ್ಯಾಚಿನಲ್ಲಿ ಎಲ್ಲರೂ ಮಾವಶಿ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಒಬ್ಬಳಿದ್ದಳು. ಯಾವಾಗಲೂ ಕೊನೆಯ ಸಾಲು, ಮೂಲೆಯ ಕಂಬದ ಪಕ್ಕ. ಸೀರೆಯಲ್ಲಿ ಬರುವುದು, ಒಳಗೆ ಹೋಗಿ ಪ್ಯಾಂಟು, ಅಂಗಿ ಹಾಕಿಕೊಳ್ಳುವುದು, ಕ್ಲಾಸು ಮುಗಿದ ಮೇಲೆ ಮತ್ತೆ ಸೀರೆ. ಬಾಗಿಲು ಕಿರ್ರೆಂದರೆ ಕಂಬದ ಮರೆಗೆ ಸರಿದುಬಿಡುವಳು. ಮೊಣಕಾಲು ನೋವೆಂದು ಡಾಕ್ಟರು ಮೈ ಅಲುಗಿಸಲು ಹೇಳಿದ್ದರಂತೆ. ಮನೆಯಲ್ಲಿ ಮಾತ್ರ ಮಠದ ಭಜನೆಗೆ ಹೋಗುತ್ತೇನೆಂದು ಹೇಳಿ ಬರುತ್ತಾಳೆಂದು ಉಳಿದವರು ಕಿಚಾಯಿಸುತ್ತಿದ್ದರು. ಎಲ್ಲರ ಮಾತೂ ಮರಾಠಿಯಲ್ಲೇ. ಅವಳ ಹೆಸರಾಗಲಿ, ಮನೆಮಾತಾಗಲಿ ಭುವನೇಶ್ವರಿ ಕೇಳಿದವಳಲ್ಲ. ಎಡಗಾಲ ಹೆಬ್ಬೆರಳಿನ ಮೇಲೆ ಗ್ಯಾಸ್ ಸಿಲಿಂಡರ್ ಬಿದ್ದು ಉಗುರು ಕಪ್ಪಾಗಿರುವುದು ಮಾತ್ರ ಗೊತ್ತಿತ್ತು. ಕುಣಿತ ಕಲಿಸುವವರಿಗೆ ಮುಖಕ್ಕಿಂತ ಪಾದದ ಗುರುತೇ ಹೆಚ್ಚು.

ಇಷ್ಟರಲ್ಲಿ ಕಿಶೋರನ ಸಂಬಂಧ ಬಂತು. ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಕೆಲಸ. ತಂದೆ ಪಂಢರಿನಾಥ ಆಳಂದದ ಕಡೆಯವರು, ಮಾರ್ಕೆಟ್ ಯಾರ್ಡಿನಲ್ಲಿ ಹಮಾಲರ ಮೇಲಿನ ಮುಕಾದಮ. ಹುಡುಗ ಹುಡುಗಿ ಗೆಳೆಯರೊಬ್ಬರ ಮದುವೆಯಲ್ಲಿ ಭೇಟಿಯಾಗಿ, ಫೋನಿನಲ್ಲಿ ಮಾತಾಡಿ, ಇಬ್ಬರಿಗೂ ಮನಸ್ಸಾಗಿತ್ತು. ಭುವನೇಶ್ವರಿ ಅವನಿಗೆ ತನ್ನ ಕೆಲಸ ಮುಚ್ಚಿಟ್ಟಿರಲಿಲ್ಲ.

"ನನಗೇನ ಇಲ್ಲ ಬಿಡು," ಅಂದಿದ್ದ ಕಿಶೋರ. "ಖರೇ ನಮ್ಮವ್ವ ಭಾಳ ದೇವರು ದಿಂಡರು ಅನ್ನಾಕಿ. ಮಠದ ಭಜನಿ ಒಂದಿನಾನೂ ಬಿಡಂಗಿಲ್ಲ. ಆಕಿ ಏನಂತಾಳೋ, ನನಗೂ ಅಂಜಿಕಿ ಅದ."

ಭುವನೇಶ್ವರಿಗೆ ಕಿಶೋರ ಬೇಕಿದ್ದ. ಕ್ಲಾಸೂ ಬೇಕಿತ್ತು. ಎರಡರಲ್ಲಿ ಒಂದನ್ನು ಬಿಡು ಎಂದರೆ ಏನು ಮಾಡುವುದೆಂದು ಯೋಚಿಸಿ ಯೋಚಿಸಿ ಅವಳಿಗೆ ಅನ್ನ ಸೇರದಾಯಿತು.

"ಅಕ್ಕಿಕಾಳು ಬೀಳೋತನಕ ಬಾಯಿ ಬಿಟ್ಟಿ ಅಂದ್ರ ನೋಡು," ಎಂದು ಸಾವಿತ್ರಿಬಾಯಿ ಮೊದಲೇ ತಾಕೀತು ಮಾಡಿದ್ದಳು. ಗಂಡಿನ ಕಡೆಗೆ ಕಳಿಸಿದ ಫೋಟೋದಲ್ಲಂತೂ ಫೋಟೋದವನು ಮುಖಕ್ಕೆ ಎಷ್ಟು ಬಿಳಿ ಬಳಿದಿದ್ದನೆಂದರೆ, ಹೆತ್ತ ತಾಯಿಯೇ ಎರಡು ಸಲ ನೋಡಬೇಕಿತ್ತು.

ಭಾನುವಾರ ಗಂಡಿನವರು ಬಂದರು. ಮಂಡಕ್ಕಿಯ ಸುಸಲಾ, ಚಹಾ ಆಯಿತು. ಸೆರಗು ಹೊದಿಸಿ, ತಲೆ ತಗ್ಗಿಸಿ ಭುವನೇಶ್ವರಿಯನ್ನು ತಂದು ಮಣೆಯ ಮೇಲೆ ಕೂರಿಸಿದರು. ಕಣ್ಣೆತ್ತುವಂತಿಲ್ಲವಲ್ಲ, ನೆಲವನ್ನೇ ನೋಡುತ್ತ ಕುಳಿತಳು. ಎದುರಿಗೆ ಕಿಶೋರನ ಬೂಟಿನ ಗುರುತಿದ್ದ ಕಾಲ್ಚೀಲ. ಪಕ್ಕದಲ್ಲಿ ಪಂಢರಿನಾಥರ ಬಿರಿದ ಹಿಮ್ಮಡಿ. ಅದರ ಪಕ್ಕದಲ್ಲಿ ಬೆಳ್ಳಿಯ ಕಾಲುಂಗುರದ ಎರಡು ಪಾದ, ಎಡಗಾಲ ಹೆಬ್ಬೆರಳಿನಲ್ಲಿ ಕಪ್ಪು ಉಗುರು.

ಕಂಬದ ಪಕ್ಕದ ಮಾವಶಿ! ಇನ್ನು ಮುಚ್ಚಿಡುವುದೇನು ಬಂತು, ಎಲ್ಲ ಮುಗಿಯಿತು ಅನ್ನಿಸಿತು. ಮೇಲೆ ಕುರ್ಚಿಯಲ್ಲಿ ಕೂತ ಕಿಶೋರನ ತಾಯಿ ಸುಲಭಾಬಾಯಿಗೆ ಸೆರಗಿನೊಳಗಿನ ಮುಖ ಕಾಣಿಸಿರಲಿಲ್ಲ. "ನಿನ್ನ ಹೆಸರೇನವ?" ಎಂದು ಕನ್ನಡದಲ್ಲಿ ಕೇಳಿದಳು. ತಿಂಗಳುಗಟ್ಟಲೆ ಮರಾಠಿಯಲ್ಲಿ ಕೇಳಿದ ದನಿಯನ್ನೇ ಈಗ ತನ್ನ ಮನೆಮಾತಿನಲ್ಲಿ ಕೇಳಿದ ಭುವನೇಶ್ವರಿಗೆ ಹೆಸರು ಹೇಳುವಷ್ಟರಲ್ಲಿ ಸಾಕುಸಾಕಾಯಿತು.

"ಹಿರ್ಯಾರಿಗೆ ನಮಸ್ಕಾರ ಮಾಡವ," ಅಂದಳು ಸಾವಿತ್ರಿಬಾಯಿ.

ಭುವನೇಶ್ವರಿ ಎದ್ದಳು. ಮೊದಲು ಪಂಢರಿನಾಥರ ಕಾಲಿಗೆ ಬಾಗಿದಳು. ಸುಲಭಾಬಾಯಿಯೂ ಆಶೀರ್ವಾದ ಮಾಡಲೆಂದು ಎದ್ದು ನಿಂತಳು. ಬಾಗುವಾಗ ಸೆರಗು ಜಾರಿತು, ಇಬ್ಬರ ಕಣ್ಣೂ ಕೂಡಿದವು. ಆಗ ಆದದ್ದೇ ಆಗಬಾರದ್ದು. ಭೂಮಿ ಟೀಚರ್ ಎದುರಿಗೆ ಬಂದು ಬಾಗಿದರೆ ಸುಲಭಾಬಾಯಿಯ ಮೈಗೆ ಗೊತ್ತಿದ್ದದ್ದು ಒಂದೇ. ತಾನೂ ತಟ್ಟನೆ ಬಾಗಿ, ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಕೈ ಮುಗಿದೇಬಿಟ್ಟಳು. ಬಾಗುವ ಭರದಲ್ಲಿ ಎರಡು ತಲೆಯೂ ಢೀ ಹೊಡೆದವು.

ಅತ್ತೆಯಾಗುವವಳು ಸೊಸೆಯಾಗುವವಳಿಗೆ ಕೈ ಮುಗಿದದ್ದನ್ನು ಆ ಜಾತಿ, ಆ ಕುಲದಲ್ಲಿ ಯಾರೂ ಕಂಡಿರಲಿಲ್ಲ.

"ಏನಿದು?" ಅಂದರು ಪಂಢರಿನಾಥ.

"ಕೆಳಗ ಏನರೆ ಬಿದ್ದಿತ್ತೇನೋ, ತಗೊಳ್ಳಾಕ ಬಗ್ಗಿರಬೇಕ್ರಿ," ಎಂದು ಸಾವಿತ್ರಿಬಾಯಿ ತನ್ನ ಎರಡನೆಯ ಸುಳ್ಳು ಹೇಳಿದಳು.

ಭುವನೇಶ್ವರಿ ಸುಲಭಾಬಾಯಿಯ ಮುಖ ನೋಡಿದಳು. ಬಾಗಿಲು ಕಿರ್ರೆಂದಾಗ ಕಂಬದ ಮರೆ ಹುಡುಕುವ ಅದೇ ಕಣ್ಣು. ಈ ಮನೆಯಲ್ಲಿ ಕಂಬ ಇರಲಿಲ್ಲ. ತನ್ನದು ಹೇಗೂ ಹೋಯಿತು, ಇವರದಾದರೂ ಉಳಿಯಲಿ ಅನ್ನಿಸಿತು ಹುಡುಗಿಗೆ.

"ಅವರ ತಪ್ಪಿಲ್ರಿ, ನನ್ನ ನೋಡಿ ಬ್ಯಾರೆ ಯಾರೋ ಅಂದ್ಕೊಂಡಿರಬೇಕು," ಅಂದಳು. "ನಾ ಒಂದು ಮಾತು ಹೇಳ್ತೀನ್ರಿ. ಎಕ್ಸರ್ಸೈಜ್ ಅಲ್ರಿ, ನಾ ಡ್ಯಾನ್ಸ್ ಕಲಿಸ್ತೀನಿ. ಲಗ್ನ ಆದ ಮ್ಯಾಲೂ ಕಲಿಸ್ತೀನ್ರಿ. ಬ್ಯಾಡ ಅನ್ನಂಗಿದ್ರ ಈಗ ಹೇಳಿಬಿಡ್ರಿ."

ಗುರಣ್ಣ ಕಣ್ಣು ಮುಚ್ಚಿಕೊಂಡ. ಸಾವಿತ್ರಿಬಾಯಿಯ ನೋಟ ಬೀಗರ ಚಹಾದ ಕಪ್ಪಿನ ಮೇಲೆ ಹೋಯಿತು. ಅದು ಅರ್ಧವೇ ಇತ್ತು.

ಸುಲಭಾಬಾಯಿ ಹಣೆ ಉಜ್ಜಿಕೊಳ್ಳುತ್ತ ನೆಟ್ಟಗೆ ನಿಂತಳು. "ಬ್ಯಾರೆ ಯಾರೋ ಅಂದ್ಕೊಂಡಿಲ್ಲ," ಅಂದಳು ಗಂಡನ ಕಡೆ ತಿರುಗಿ. "ಈಕಿ ನಮ್ಮ ಟೀಚರ್. ನಾ ಮಠಕ್ಕ ಹೋಗಂಗಿಲ್ರಿ. ಈಕಿ ಕಡೆ ಡ್ಯಾನ್ಸ್ ಕಲಿಯಾಕ ಹೋಗ್ತೀನಿ. ಬೈಯೋದಿದ್ರ ನನ್ನ ಬೈರಿ. ಹುಡುಗಿಗೆ ಏನೂ ಅನ್ನಬ್ಯಾಡ್ರಿ."

ಕಿಶೋರ ಬಾಯಿ ತೆರೆದವನು ಮುಚ್ಚುವುದನ್ನೇ ಮರೆತ. ಪಂಢರಿನಾಥರು ಕಪ್ಪು ಎತ್ತಿಕೊಂಡು ಉಳಿದ ಚಹಾವನ್ನು ಸೊರ್ರೆಂದು ಪೂರ್ತಿ ಕುಡಿದು ಕೆಳಗಿಟ್ಟರು.

"ಭಜನಿಗೆ ಹೋಗಾಕಿ ಚೀಲದಾಗ ಪ್ಯಾಂಟು ಯಾಕ ತುರುಕ್ಕೊಂಡು ಹೋಗ್ತಾಳ ಅಂತ ನಾ ಎಂದಾದ್ರೂ ಕೇಳೀನೇನು?" ಅಂದರು. "ಮಂಡಿಬ್ಯಾನಿ ಅಂತ ನರಳೋದು ನಿಂತಿತ್ತು. ಯಾವ ದೇವರಾದ್ರ ಏನು ಅಂತ ಸುಮ್ಮ ಇದ್ದೆ." ಆಮೇಲೆ ಸಾವಿತ್ರಿಬಾಯಿಯ ಕಡೆ ತಿರುಗಿ, "ಅಕ್ಕಾರ, ಇನ್ನೊಂದೀಟು ಚಹಾ ಕೊಡ್ರಿ," ಅಂದರು.

ಸಾವಿತ್ರಿಬಾಯಿಗೆ ಹೋದ ಜೀವ ಬಂದಂತಾಯಿತು. ಚಹಾಕ್ಕೆಂದು ಒಳಗೆ ಹೋದವಳು ಒಲೆ ಹಚ್ಚದೆ ಗೋಡೆಗೆ ಒರಗಿ ಅತ್ತಳು. ಭುವನೇಶ್ವರಿ ಬಂದು ಭುಜ ಹಿಡಿದರೆ, "ಸರಿ ಅತ್ಲಾಗ. ಹಾಲು ಉಕ್ಕತಾವ," ಎಂದು ಗದರಿದಳು. ಒಲೆಯ ಮೇಲೆ ಹಾಲೇ ಇರಲಿಲ್ಲ. ಹೊರಗೆ ಸುಲಭಾಬಾಯಿ ಮಗನಿಗೆ, ಮನೆಯಲ್ಲಿ ಅವಳು ನನ್ನ ಕಾಲು ಮುಟ್ಟಲಿ, ಸ್ಟುಡಿಯೋದಲ್ಲಿ ನಾ ಕೈ ಮುಗಿಯುತ್ತೇನೆ, ಲೆಕ್ಕ ಚುಕ್ತಾ ಎಂದು ಹೇಳುವುದು ಕೇಳಿಸುತ್ತಿತ್ತು.

ಸೋಮವಾರದ ಕ್ಲಾಸಿಗೆ ಸುಲಭಾಬಾಯಿ ಮನೆಯಿಂದಲೇ ಪ್ಯಾಂಟು ಹಾಕಿಕೊಂಡು ಬಂದಳು. ನೇರ ಮೊದಲ ಸಾಲಿಗೆ ಹೋಗಿ ನಿಂತಳು. ಭುವನೇಶ್ವರಿ ಕನ್ನಡಿಯಲ್ಲಿ ಹಿಂದಿನ ಸಾಲು ನೋಡಿದಳು. ಕಂಬದ ಪಕ್ಕದ ಜಾಗ ಖಾಲಿ ಇರಲಿಲ್ಲ. ಇಳಕಲ್ ಸೀರೆಯ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು ಒಬ್ಬಳು ನಿಂತಿದ್ದಳು. ವರ್ಷಗಟ್ಟಲೆ ಬುಟ್ಟಿ ಹೊತ್ತು ಒಂದು ಕಡೆ ವಾಲಿದ ಆ ಭುಜವನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು.

"ಅವ್ವಾ, ನೀ ಯಾಕ—"

"ಬೀಗತಿ ಬಿಡಲಿಲ್ಲ, ಎಳಕೊಂಡು ಬಂದ್ಲು. ನಡಾ ಹಿಡದದ. ಲಗೂನ ಕಲಿಸು, ಮನ್ಯಾಗ ಕೆಲಸ ಅದಾವ."

ಹಾಗೆಂದವಳು ಪಕ್ಕದವರನ್ನು ನೋಡಿಕೊಂಡು, ಕಷ್ಟಪಟ್ಟು ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಡೆಯಲೆಂದು ಭುವನೇಶ್ವರಿ ಓಡಿ ಬರುವಷ್ಟರಲ್ಲಿ ಕೈಯೂ ಮುಗಿದಾಗಿತ್ತು.

ಪಕ್ಕದ ಹೆಂಗಸು ಮರಾಠಿಯಲ್ಲಿ, ಟೀಚರ್ ನಿಮಗೆ ಮೊದಲೇ ಪರಿಚಯವೇ ಎಂದು ಕೇಳಿದಳು. ಸಾವಿತ್ರಿಬಾಯಿ ಈ ಸಲ ಅವಳ ಮುಖವನ್ನೇ ನೋಡುತ್ತ ತನಗೆ ಬಂದ ಮರಾಠಿಯಲ್ಲಿ ಹೇಳಿದಳು: "ನನ್ನ ಮಗಳು. ಡ್ಯಾನ್ಸ್ ಕಲಿಸುತ್ತಾಳೆ."